ನೀರಾವರಿ ಮಂತ್ರಿಯ ಮೊದಲ ಓಟು

ಹದಿನೆಂಟು ತುಂಬುವುದರಲ್ಲಿ ನಾನು ಸ್ವಲ್ಪ ತಡ ಮಾಡಿದೆ. ವಿಧಾನಸಭೆಯ ಚುನಾವಣೆ ನಡೆದದ್ದು 2023ರ ಮೇ 10ಕ್ಕೆ, ನನ್ನ ಹುಟ್ಟುಹಬ್ಬ ಅದೇ ತಿಂಗಳ ಕೊನೆಗೆ. ಹಾಗಾಗಿ ನನ್ನ ಮೊದಲ ಓಟು ಸೀದಾ ಲೋಕಸಭೆಗೇ ಬಿತ್ತು. 2024ರ ಏಪ್ರಿಲ್ 26, ಶುಕ್ರವಾರ.

ಏಳು ಗಂಟೆಗೇ ಹೋಗಿ ಸಾಲಿನಲ್ಲಿ ಮೊದಲು ನಿಲ್ಲಬೇಕೆಂದು ಹಿಂದಿನ ರಾತ್ರಿಯೇ ಚೂಡಿದಾರ ಇಸ್ತ್ರಿ ಮಾಡಿ ಇಟ್ಟಿದ್ದೆ. ಆದರೆ ನಮ್ಮ ಉಡುಪಿ ಜಿಲ್ಲೆಯ ಶಂಕರಪುರದ ಕಡೆ ಚುನಾವಣೆಗೆ ರಜೆ ಇದ್ದರೂ ಮಲ್ಲಿಗೆಗೆ ಇಲ್ಲ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಬಾಗಿಲು ದಾಟುವಾಗ ಅಮ್ಮ ಬುಟ್ಟಿಯನ್ನು ನನ್ನ ಮುಂದೆ ತಳ್ಳಿದಳು. "ಮೊದಲು ಹೂ, ಮತ್ತೆ ದೇಶ."

ಕೂತೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಾಲೆಗೆ ಸೇರುವ ಮೊದಲೇ ನನಗೆ ಎಂಟುನೂರರ ತನಕ ಎಣಿಸಲು ಬರುತ್ತಿತ್ತು, ಅಂಕೆ ಬರೆಯಲು ಮಾತ್ರ ಬರುತ್ತಿರಲಿಲ್ಲ. ಇದನ್ನು ಕಂಡುಹಿಡಿದದ್ದು ಮೂರನೇ ಕ್ಲಾಸಿನ ಟೀಚರ್. ಗುಣಾಕಾರ ತಲೆಗೆ ಹತ್ತದೆ ನಾವು ಮಿಕಮಿಕ ನೋಡುತ್ತಿದ್ದಾಗ ಅವರು ಬೋರ್ಡು ಒರೆಸಿ, "ನಿಮ್ಮ ಮನೆಯಲ್ಲಿ ಇವತ್ತು ಮೂರು ಅಟ್ಟೆ ಆಯ್ತು, ಒಟ್ಟು ಹೂ ಎಷ್ಟು?" ಎಂದು ಕೇಳಿದರು. ನಮ್ಮಲ್ಲಿ ನಾಲ್ಕು ಜನ ಬಾಯಲ್ಲೇ ಹೇಳಿಬಿಟ್ಟೆವು. ಒಂಬತ್ತು ಸಾವಿರದ ಆರುನೂರು. ಟೀಚರ್ ಸೀಮೆಸುಣ್ಣ ಹಿಡಿದು ತಾವೇ ಲೆಕ್ಕ ಮಾಡಿ ನೋಡಿ ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಮತಗಟ್ಟೆ ಇದ್ದದ್ದು ಅದೇ ಶಾಲೆಯಲ್ಲಿ. ಒಂದರಿಂದ ಏಳನೆಯವರೆಗಿನ ಸರಕಾರಿ ಕನ್ನಡ ಶಾಲೆ. ಹೆಸರು ಬೇಡ. ಇದ್ದವರ ತಪ್ಪಿಗಿಂತ ಇಲ್ಲದವರ ತಪ್ಪು ಹೆಚ್ಚು ಅಲ್ಲಿ.

ಗೇಟಿನ ಹತ್ತಿರ ಹೋಗುವಾಗ ಒಂಬತ್ತೂವರೆ. ಸೆಕೆ ಶುರುವಾಗಿತ್ತು. ಜಗಲಿಗೆ ಹೊಸ ರ್‍ಯಾಂಪ್ ಬಂದಿತ್ತು, ಸಿಮೆಂಟು ಇನ್ನೂ ಬೆಳ್ಳಗಿತ್ತು. ನಾನು ಓದುವಾಗ ಪೋಲಿಯೋ ಆದ ಹುಡುಗನೊಬ್ಬ ನಮ್ಮ ಕ್ಲಾಸಿನಲ್ಲಿದ್ದ. ಅವನಿಗೆ ಆ ಮೂರು ಮೆಟ್ಟಿಲು ಹತ್ತಲು ನಾವು ಇಬ್ಬಿಬ್ಬರು ಹೆಗಲು ಕೊಡುತ್ತಿದ್ದೆವು. ಆಗ ರ್‍ಯಾಂಪ್ ಇರಲಿಲ್ಲ, ಏಕೆಂದರೆ ಅವನಿಗೆ ಓಟು ಇರಲಿಲ್ಲ. ಹೀಗೆ ಬರೆದರೆ ಕುಹಕ ಅನಿಸಬಹುದು. ಆದರೆ ಸಾಲಿನಲ್ಲಿ ನಿಂತಾಗ ನನಗೆ ಹೊಳೆದದ್ದು ಅದೇ.

ಬೂತ್ ಇದ್ದದ್ದು ಚಿಕ್ಕ ಮಕ್ಕಳು ಆಡುತ್ತ ಕಲಿಯುವ ನಲಿಕಲಿ ಕೋಣೆಯಲ್ಲಿ. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಚಿತ್ರ ತೂಗುಹಾಕಿದ್ದನ್ನು ಯಾರೂ ತೆಗೆದಿರಲಿಲ್ಲ. ಒಂದು ಕಾಗದದ ಆಮೆ ಫ್ಯಾನಿನ ಗಾಳಿಗೆ ಚುನಾವಣಾಧಿಕಾರಿಯ ತಲೆಯನ್ನು ತಟ್ಟುತ್ತಲೇ ಇತ್ತು, ಅವರು ಪ್ರತಿ ಸಲವೂ ಕೈಯಲ್ಲಿ ಸರಿಸುತ್ತಿದ್ದರು. ಹೆಸರು ಕರೆದರು, ಸಹಿ ಹಾಕಿದೆ, ಎಡಗೈ ತೋರುಬೆರಳಿಗೆ ಶಾಯಿ ಬಿತ್ತು. ರಟ್ಟಿನ ಮರೆಯ ಹಿಂದೆ ಬಟನ್ ಒತ್ತಿದೆ. ಗಾಜಿನೊಳಗೆ ಚೀಟಿ ಏಳು ಸೆಕೆಂಡು ಕಂಡು ಕೆಳಗೆ ಬಿತ್ತು. ಅಷ್ಟೇ. ಇಷ್ಟು ಬೇಗ ಮುಗಿಯುತ್ತದೆಂದು ಯಾರೂ ಹೇಳಿರಲಿಲ್ಲ.

ಯಾರಿಗೆ ಹಾಕಿದೆ ಎನ್ನುವುದು ಇಲ್ಲಿ ಬೇಡ. ಹೊರಗೆ ಬಂದವಳು ಅಭ್ಯಾಸಬಲದಿಂದ ಬಾವಿಕಟ್ಟೆಯ ಕಡೆ ನಡೆದೆ. ಅಲ್ಲೊಂದು ತೆಂಗಿನ ಮರ ಉಂಟು, ನನ್ನ ಇಲಾಖೆಯದು.

ನಮ್ಮ ಕಡೆಯ ಶಾಲೆಗಳಲ್ಲಿ ಓದಿದವರಿಗೆ ಮಂತ್ರಿಮಂಡಲ ಗೊತ್ತಿರುತ್ತದೆ. ಜೂನಿನಲ್ಲಿ ಚೀಟಿ ಹಾಕಿ ಶಾಲಾ ನಾಯಕನನ್ನು ಆರಿಸುವುದು, ಮತ್ತೆ ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ವಾರ್ತಾ ಮಂತ್ರಿ, ಜೊತೆಗೆ ಒಬ್ಬ ವಿರೋಧ ಪಕ್ಷದ ನಾಯಕ. ಆರನೆಯಲ್ಲಿ ನಾನು ನೀರಾವರಿ ಮಂತ್ರಿ. ಖಾತೆ ದೊಡ್ಡದು, ಬಜೆಟ್ ಒಂದು ಬಾಲ್ದಿ. ಬೆಳಿಗ್ಗೆ ಬಿಸಿಯೂಟದ ಅಕ್ಕನಿಗೆ ನೀರು ಸೇದಿ ಕೊಡಬೇಕು, ಸಂಜೆ ಐದು ತೆಂಗಿನ ಸಸಿಗೆ ಹಾಕಬೇಕು. ಎರಡು ದಿನ ತಪ್ಪಿಸಿದರೆ ಶನಿವಾರದ ಸಭೆಯಲ್ಲಿ ವಿರೋಧ ಪಕ್ಷದ ನಾಯಕಿ ಎದ್ದು ನಿಂತು, "ಮಂತ್ರಿಗಳೇ, ಮೂರನೇ ಸಸಿಯ ಗರಿ ಯಾಕೆ ಹಳದಿಯಾಗಿದೆ?" ಎಂದು ಕೇಳುತ್ತಿದ್ದಳು. ಉತ್ತರ ಕೊಡದೆ ಕೂರುವ ಹಾಗಿರಲಿಲ್ಲ. ಸಸಿ ಎಲ್ಲರ ಕಣ್ಣೆದುರೇ ಇತ್ತಲ್ಲ. ಐದರಲ್ಲಿ ಒಂದೇ ಉಳಿದದ್ದು. ನನ್ನ ಆಡಳಿತದ ಸಾಧನೆ ಶೇಕಡಾ 20.

ಅದೇ ವರ್ಷ "ನಾನು ಪ್ರಧಾನಿಯಾದರೆ" ಎಂದು ಪ್ರಬಂಧ ಬರೆಯಲು ಕೊಟ್ಟರು. ಹುಡುಗರೆಲ್ಲ ಸೈನ್ಯ, ಕ್ಷಿಪಣಿ, ಚಂದ್ರಲೋಕ ಎಂದು ಬರೆದರು. ನಾನು ಬರೆದದ್ದು ಇಷ್ಟು: "ನಾನು ಪ್ರಧಾನಿಯಾದರೆ ನಮ್ಮ ಶಾಲೆಗೆ ಒಬ್ಬರು ಲೆಕ್ಕದ ಮಾಸ್ಟ್ರನ್ನು ಕೊಡುತ್ತೇನೆ. ಶೌಚಾಲಯಕ್ಕೆ ಬಾಗಿಲು ಹಾಕಿಸುತ್ತೇನೆ." ಹತ್ತಕ್ಕೆ ಆರು ಅಂಕ. ಕೆಳಗೆ ಕೆಂಪು ಶಾಯಿಯಲ್ಲಿ "ದೇಶದ ಬಗ್ಗೆಯೂ ಬರೆ".

ಆ ವರ್ಷ ಲೆಕ್ಕಕ್ಕೆ ಮಾಸ್ಟ್ರು ಇರಲಿಲ್ಲ. ವರ್ಗವಾಗಿ ಹೋದವರ ಜಾಗ ಖಾಲಿ. ನವೆಂಬರಿನಲ್ಲಿ ಅತಿಥಿ ಶಿಕ್ಷಕಿ ಬಂದರು, ಫೆಬ್ರವರಿಯಲ್ಲಿ ಬೇರೆ ಕೆಲಸ ಸಿಕ್ಕಿ ಬಿಟ್ಟರು. ಭಿನ್ನರಾಶಿ ನನಗೆ ಇವತ್ತಿಗೂ ಸ್ವಲ್ಪ ಹೆದರಿಕೆಯೇ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿತ್ತು. ಆರರಿಂದ ಎಂಟನೆಯವರೆಗೆ ಗಣಿತ–ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರಿರಬೇಕೆಂದು ಅದರ ಅನುಸೂಚಿಯಲ್ಲೇ ಬರೆದಿದೆ. ನಾನು ಕಾಲೇಜಿಗೆ ಬಂದ ಮೇಲೆ ಇದನ್ನು ಓದಿದಾಗ ಬಂದದ್ದು ಸಿಟ್ಟಲ್ಲ, ನಾಚಿಕೆ. ನಮಗೆ ಸಲ್ಲಬೇಕಾದ್ದು ನಮಗೇ ಗೊತ್ತಿರಲಿಲ್ಲವಲ್ಲ ಎಂದು.

ಇನ್ನೊಂದು ಸಂಗತಿ ತಿಳಿದಾಗ ಮಾತ್ರ ನಗು ಬಂತು. ಶಿಕ್ಷಣ ಮೊದಲು ರಾಜ್ಯಗಳದ್ದೇ ವಿಷಯವಾಗಿತ್ತು. 1976ರ ಸಂವಿಧಾನದ 42ನೇ ತಿದ್ದುಪಡಿ ಅದನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿತು. ಅಂದರೆ ನಮ್ಮ ಲೆಕ್ಕದ ಮಾಸ್ಟ್ರ ವಿಚಾರ ದಿಲ್ಲಿಗೂ ಸ್ವಲ್ಪ ಸೇರಿದ್ದೇ. ಟೀಚರ್ ಇನ್ನೊಂದು ಅಂಕ ಕೊಡಬಹುದಿತ್ತು.

ಮನೆಗೆ ಬಂದಾಗ ಅಜ್ಜ ಚಾವಡಿಯಲ್ಲಿ ಕೂತು ನನ್ನ ಬೆರಳಿಗಾಗಿ ಕಾಯುತ್ತಿದ್ದರು. ಅವರಿಗೆ ಎಂಬತ್ತೈದು ದಾಟಿದೆ. ಹಾಗಾಗಿ ಕೆಲವು ದಿನ ಮೊದಲೇ ಸಿಬ್ಬಂದಿ ಮನೆಗೇ ಬಂದು ಓಟು ಹಾಕಿಸಿಕೊಂಡು ಹೋಗಿದ್ದರು. ಅದು ಅವರಿಗೆ ಒಂಚೂರೂ ಹಿಡಿಸಿರಲಿಲ್ಲ. "ಓಟೆಂದರೆ ನಾವು ಹೋಗಬೇಕು ಮಗಾ, ಅದೇ ನಮ್ಮ ಹತ್ರ ಬರುವುದಲ್ಲ." ಅವರ ಮೊದಲ ಓಟು 1962ರದ್ದು. ಮೈಸೂರಿನಲ್ಲಿ ತಯಾರಾಗುವ ಈ ಶಾಯಿ ಬೆರಳಿಗೆ ಬಂದದ್ದೂ ಅದೇ ಚುನಾವಣೆಯಲ್ಲಿ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲವಂತೆ. ಉಡುಪಿಯಿಂದ ಆಗ ಗೆದ್ದವರು ಉಳ್ಳಾಲ ಶ್ರೀನಿವಾಸ ಮಲ್ಯರು. ಅಜ್ಜ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಆದರೆ ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾದದ್ದನ್ನು ತಮ್ಮ ಮನೆಯ ಮದುವೆಯ ಹಾಗೆ ವರ್ಣಿಸುತ್ತಾರೆ. ಕಾಲೇಜು, ಬಂದರು, ಎಲ್ಲ ಮಲ್ಯರು ಬೆನ್ನು ಬಿಡದೆ ತಂದದ್ದು ಎನ್ನುವುದು ಅವರ ಮಾತು.

"ಆ ಕಾಲೇಜಿಗೆ ನಮ್ಮ ಊರಿನಿಂದ ಯಾರಾದರೂ ಹೋಗಿದ್ದಾರಾ ಅಜ್ಜಾ?" ಕೇಳಿದೆ.

ಅಜ್ಜ ತುಂಬ ಹೊತ್ತು ಲೆಕ್ಕ ಹಾಕಿದರು. "ಕಟ್ಟಲಿಕ್ಕೆ ಹೋಗಿದ್ದಾರೆ," ಎಂದರು.

ನನ್ನ ತಕರಾರು ಇರುವುದು ಇಲ್ಲೇ. ದೊಡ್ಡ ಕಾಲೇಜು ತರುವ ನಾಯಕರನ್ನು ಈ ಕರಾವಳಿ ಕಂಡಿದೆ, ಅವರ ಋಣ ನಮ್ಮ ಮೇಲೆ ಉಂಟು. ಅದರ ಬಾಗಿಲ ತನಕ ನಡೆಯಲು ಬೇಕಾದ ಭಿನ್ನರಾಶಿ ಕಲಿಸುವವರ ಜಾಗ ಮಾತ್ರ ಖಾಲಿಯೇ ಉಳಿಯುತ್ತದೆ. ದೇಶದ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ಇಡಬೇಕೆಂದು ಕೊಠಾರಿ ಆಯೋಗ ವರದಿ ಕೊಟ್ಟದ್ದು 1966ರಲ್ಲಿ, ಅಜ್ಜ ಇಪ್ಪತ್ತೆಂಟರ ತರುಣರಾಗಿದ್ದಾಗ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅದೇ 6 ಇದೆ, ಮುಟ್ಟಬೇಕಾದ ಗುರಿ ಎಂದೇ. ಪ್ರಧಾನಿ ಯಾರಾಗಬೇಕೆಂದು ಕಾಲೇಜಿನ ಕ್ಯಾಂಟೀನಿನಲ್ಲಿ ನಾನೂ ಗಂಟಲು ಹರಿದುಕೊಂಡವಳೇ. ಆದರೆ ನನಗೆ ಬೇಕಾದ ಪ್ರಧಾನಿ, ಶನಿವಾರದ ಸಭೆಯಲ್ಲಿ ಎದ್ದು ನಿಂತು ಮೂರನೇ ಸಸಿಯ ಗರಿ ಯಾಕೆ ಹಳದಿಯಾಯಿತೆಂದು ಹೇಳಬಲ್ಲವರು. ಈಗ ಪ್ರಬಂಧ ಬರೆಯಲು ಕೂತರೂ ನಾನು ಬರೆಯುವುದು ಅದೇ, ಆರೇ ಅಂಕ ಬರಲಿ.

ಮರುದಿನ ಮಧ್ಯಾಹ್ನ ಟೀಚರ್ ಫೋನ್ ಮಾಡಿದರು, ಆ ಮಲ್ಲಿಗೆ ಲೆಕ್ಕದವರೇ. ಅವರಿಗೆ ಬೇರೆ ಊರಿನಲ್ಲಿ ಚುನಾವಣಾ ಡ್ಯೂಟಿ. ಯಂತ್ರ ಒಪ್ಪಿಸಿ ಮನೆ ಸೇರುವಾಗ ರಾತ್ರಿ ಒಂದೂವರೆಯಂತೆ. ನಿದ್ದೆಗಣ್ಣಿನಲ್ಲೇ ವಿಷಯಕ್ಕೆ ಬಂದರು. "ಒಂದನೇ ಕ್ಲಾಸಿಗೆ ಮೂರು ಹೆಸರು ಬಂದಿದೆ. ನಿಮ್ಮ ಮನೆಯ ಆಚೆ ಬಾಡಿಗೆಗೆ ಬಂದವರಲ್ಲಿ ಆರು ವರ್ಷದ ಮಗು ಉಂಟಂತಲ್ಲ. ಒಂದು ಸರ್ತಿ ಹೋಗಿ ಮಾತಾಡ್ತೀಯಾ? ನಾನು ಹೋದರೆ ಟೀಚರ್ ಬಂದರು ಅಂತ ಸುಮ್ಮನೆ ತಲೆಯಾಡಿಸ್ತಾರೆ."

ಸಂಜೆ ಹೋದೆ. ಮಗುವಿನ ಅಮ್ಮ ಚಾಪೆ ಹಾಕಿ ಕೂರಿಸಿ ಶರಬತ್ತು ಕೊಟ್ಟರು. ಮೊದಲ ಪ್ರಶ್ನೆ, "ಅಲ್ಲಿ ಇಂಗ್ಲಿಷ್ ಉಂಟಾ?" ಒಂದನೆಯಿಂದಲೇ ಒಂದು ವಿಷಯವಾಗಿ ಉಂಟು ಎಂದೆ. ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎಲ್ಲ ಹೇಳಿದೆ. ಟೀಚರ್ ಎಷ್ಟು ಚೆನ್ನಾಗಿ ಕಲಿಸುತ್ತಾರೆಂದು ಹೂವಿನ ಕಥೆಯನ್ನೂ ಹೇಳಿದೆ. ಅವರು ಮನಸಿಟ್ಟು ಕೇಳಿದರು.

"ಟೀಚರ್ ಎಷ್ಟು ಜನ?"

"ಇಬ್ಬರು. ಮತ್ತೊಬ್ಬರು ಅತಿಥಿ."

"ಏಳು ಕ್ಲಾಸಿಗೆ?"

ನಾನು ಶರಬತ್ತಿನ ಲೋಟ ಕೆಳಗಿಟ್ಟೆ. ಕಿಟಕಿಯ ಸರಳಿಗೆ ಕ್ಲಿಪ್ ಹಾಕಿ ಒಂದು ರಸೀದಿ ಸಿಕ್ಕಿಸಿದ್ದರು, ಯಾವುದೋ ಶಾಲೆಯ ವ್ಯಾನಿನ ಮುಂಗಡದ್ದು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು. ಮಗು ಬಂದು ನನ್ನ ಬೆರಳು ಹಿಡಿದು, ಉಗುರಿನ ಮೇಲಿನ ಕಪ್ಪು ಗೆರೆಯನ್ನು ತನ್ನ ಉಗುರಿನಿಂದ ಕೆರೆಯತೊಡಗಿತು.

"ಹೋಗೂದಿಲ್ಲ ಅದು," ಎಂದೆ.