ಸಿಬಿನ್ಯಾಟ್ ಎರರ್ ಬಂತೇ? ಮೊದಲು ಕಫದ ಡಬ್ಬಿ ನೋಡಿ

ಕ್ಷಯ ಪತ್ತೆಯ ಸಿಬಿನ್ಯಾಟ್, ಅಂದರೆ ಜೀನ್‌ಎಕ್ಸ್‌ಪರ್ಟ್ ಯಂತ್ರ, ಡಿಎನ್‌ಎ ಬಿಡಿಸುವುದರಿಂದ ಹಿಡಿದು ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎನ್ನುವವರೆಗೆ ಎಲ್ಲವನ್ನೂ ಒಂದೇ ಕಾರ್ಟ್ರಿಡ್ಜ್‌ನಲ್ಲಿ (ಮಾದರಿ ಹಾಕುವ ಮುಚ್ಚಿದ ಡಬ್ಬಿ) ಮುಗಿಸುತ್ತದೆ. ಇದರ ಸುಧಾರಿತ ರೂಪವಾದ ಅಲ್ಟ್ರಾ ಕಾರ್ಟ್ರಿಡ್ಜ್ ಆದರೆ ಸುಮಾರು 80 ನಿಮಿಷ ಸಾಕು. ಆದರೆ ಅದಕ್ಕೂ ಮುಂಚಿನ ಕಾಲು ಗಂಟೆ ಲ್ಯಾಬ್‌ನವರಾದ ನಮ್ಮ ಕೈಯಲ್ಲಿದೆ, ಕೆಲಸ ಕೆಡುವುದು ಬಹುಮಟ್ಟಿಗೆ ಅಲ್ಲೇ.

ಕಫ ಕನಿಷ್ಠ 1 ಎಂಎಲ್ ಬೇಕು. ರೋಗಿ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಬೇಕು. ತೆಳ್ಳಗೆ ನೊರೆನೊರೆಯಾಗಿದ್ದರೆ ಅದು ಎಂಜಲು, ವಾಪಸ್ ಕಳಿಸಿ. ಎಂಜಲು ಹಾಕಿದರೂ ಯಂತ್ರ ಯಾವ ಎರರನ್ನೂ ತೋರಿಸುವುದಿಲ್ಲ, ಇದೇ ದೊಡ್ಡ ಅಪಾಯ. ಕಂಟ್ರೋಲ್‌ಗೆಂದು ಇರುವ ಬ್ಯಾಸಿಲಸ್ ಬೀಜಕಗಳು ಕಾರ್ಟ್ರಿಡ್ಜ್‌ನೊಳಗೇ ಇರುತ್ತವೆ. ಮಾದರಿಯ ಸಂಸ್ಕರಣೆ ಮತ್ತು ಪಿಸಿಆರ್ (ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸುವ ಹಂತ) ಸರಿಯಾಗಿ ನಡೆದವೇ ಎಂದಷ್ಟೇ ಅವು ಹೇಳಬಲ್ಲವು, ಹಾಕಿದ್ದು ಕಫವೇ ಎಂದಲ್ಲ. ಹಾಗಾಗಿ ಕ್ಷಯ ಇದ್ದವರಿಗೂ ನೆಗೆಟಿವ್ ರಿಪೋರ್ಟ್ ಹೋಗಿಬಿಡುತ್ತದೆ.

1 ಎಂಎಲ್ ಕಫಕ್ಕೆ 2 ಎಂಎಲ್ ಸ್ಯಾಂಪಲ್ ರಿಯೇಜೆಂಟ್, ಅಂದರೆ ಕಫ ಕರಗಿಸುವ ದ್ರಾವಣ. ಮುಚ್ಚಳ ಬಿಗಿಮಾಡಿ 10ರಿಂದ 20 ಸಲ ಜೋರಾಗಿ ಕುಲುಕಿ, 15 ನಿಮಿಷ ಇಡಿ, ನಡುವೆ ಇನ್ನೊಮ್ಮೆ ಕುಲುಕಿ. ಆಮೇಲೆ ಪಿಪೆಟ್ ಎತ್ತಿ ನೋಡಿ: ತುದಿಯಿಂದ ಲೋಳೆ ಎಳೆಯಾಗಿ ಜೋತರೆ ಕಫ ಇನ್ನೂ ಕರಗಿಲ್ಲ. ಅವಸರಕ್ಕೆ ಹಾಗೇ ಹಾಕಿದರೆ ಒಳಗಿನ ಫಿಲ್ಟರ್ ಕಟ್ಟಿಕೊಂಡು ಒತ್ತಡ ಏರುತ್ತದೆ, ಪರದೆಯ ಮೇಲೆ 2008 ಎಂಬ ಎರರ್ ಬರುತ್ತದೆ. ಅನ್ನದ ಅಗುಳು, ಎಲೆಅಡಿಕೆಯ ಚೂರು ಇದ್ದರೂ ಇದೇ ಕಥೆ. ಪಿಪೆಟ್‌ನ ಗೆರೆವರೆಗೆ, ಅಂದರೆ 2 ಎಂಎಲ್, ಗುಳ್ಳೆ ಬಾರದಂತೆ ನಿಧಾನವಾಗಿ ಬಿಡಿ. ಕಡಿಮೆಯಾದರೆ 5006, 5007 ಕಾಣಿಸಿಕೊಳ್ಳುತ್ತವೆ. ಕಾರ್ಟ್ರಿಡ್ಜ್ ಹಿಂದೆ ಚಾಚಿಕೊಂಡಿರುವ ತೆಳು ಟ್ಯೂಬನ್ನು ಮಾತ್ರ ಮುಟ್ಟಬೇಡಿ, ಯಂತ್ರ ಬೆಳಕನ್ನು ಓದುವುದು ಅದರ ಮೂಲಕವೇ.

ಎರರ್ ಬಂದರೆ ರೋಗಿಯನ್ನು ತಕ್ಷಣ ಮತ್ತೆ ಕರೆಸಬೇಕಿಲ್ಲ. ಮಿಶ್ರಣ ಇನ್ನೂ 2 ಎಂಎಲ್ ಉಳಿದಿದ್ದರೆ, ರಿಯೇಜೆಂಟ್ ಹಾಕಿದ 4 ಗಂಟೆಯೊಳಗೆ ಅದನ್ನು ಹೊಸ ಕಾರ್ಟ್ರಿಡ್ಜ್‌ಗೆ ಹಾಕಬಹುದು. ನಡುವೆ ಕರೆಂಟ್ ಹೋದರೆ ಆ ಕಾರ್ಟ್ರಿಡ್ಜ್ ದಂಡ, ಯುಪಿಎಸ್ ಇರಲೇಬೇಕು. ಈ ತೊಂದರೆ ಇರುವ ಊರುಗಳಿಗೆ ಬೆಂಗಳೂರಿನ ಬಿಗ್‌ಟೆಕ್ ರೂಪಿಸಿದ, ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಎಂಬ ಕ್ಷಯ ಪರೀಕ್ಷೆಯ ಯಂತ್ರ ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿ ರಿಫಾಂಪಿಸಿನ್‌ಗೆ ಬೇರೆಯೇ ಚಿಪ್ ಹಾಕಬೇಕು.

ಅಲ್ಟ್ರಾದಲ್ಲಿ ‘ಟ್ರೇಸ್’, ಅಂದರೆ ಕ್ಷಯದ ಡಿಎನ್‌ಎ ತೀರಾ ಅಲ್ಪ ಪ್ರಮಾಣದಲ್ಲಿ ಸಿಕ್ಕಿದೆ, ಎಂದು ಬಂದರೆ ರೋಗಿಯ ಹಳೆಯ ಚೀಟಿ ಕೇಳಿ ನೋಡಿ. ಹಿಂದೆ ಕ್ಷಯಕ್ಕೆ ಮಾತ್ರೆ ತಿಂದು ಮುಗಿಸಿದವರಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಹಾಗೆ ತೋರಿಸಬಹುದು. ಚಿಕಿತ್ಸೆಯ ನಡುವೆ ಗುಣವಾಯಿತೇ ಎಂದು ತಿಳಿಯಲು ಈ ಪರೀಕ್ಷೆ ಬರೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದಕ್ಕೆ ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮತ್ತು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಇವೆ.