ಅಂಗಿ ನೋಡಿ ಸಿಗಾರ್ ಕೊಟ್ಟಿದ್ದಕ್ಕೆ ಕಲಿತ ಪಾಠ

ಸಿಗಾರ್ ಲೌಂಜಲ್ಲಿ ಕೆಲಸಕ್ಕೆ ಸೇರಿ ಮೂರ್ನಾಲ್ಕು ತಿಂಗಳಾಗಿತ್ತು ಅಷ್ಟೇ, ಅಷ್ಟರಲ್ಲೇ ನಂಗೆ ಎಲ್ಲಾ ಗೊತ್ತು ಅನ್ನೋ ಭ್ರಮೆ ಬಂದ್ಬಿಟ್ಟಿತ್ತು. ಹೊರಗಿನ ಎಲೆ ತಿಳಿ ಕಂದು ಇದ್ರೆ ಮೈಲ್ಡು, ಕಪ್ಪಗಿದ್ರೆ ಸ್ಟ್ರಾಂಗು, ಇಷ್ಟೇ ನನ್ ಲೆಕ್ಕ. ಒಂದಿನ ರಾತ್ರಿ ಒಬ್ರು ಬಂದ್ರು, ಸಿಗಾರ್ ಸೇದೋದು ಇದೇ ಮೊದ್ಲು, ಮೈಲ್ಡಾಗಿರೋದೇ ಕೊಡಿ ಅಂದ್ರು, ಕೈಯಲ್ಲಿ ಆಗ್ಲೇ ಒಂದು ಪೀಟೆಡ್, ಅಂದ್ರೆ ಹೊಗೆ ವಾಸ್ನೆಯ ಸಿಂಗಲ್ ಮಾಲ್ಟ್ ವಿಸ್ಕಿ, ಅದೂ ನೀರು ಬೆರೆಸಿ ತೆಳು ಮಾಡದ ಕಾಸ್ಕ್ ಸ್ಟ್ರೆಂತು. ನಾನು ಸಿಗಾರ್ ಇಡೋ ಪೆಟ್ಟಿಗೆ, ಹ್ಯುಮಿಡಾರ್, ತೆಗ್ದು, ತಿಳಿ ಬಣ್ಣ ನೋಡಿ ಗಿಡ್ಡಗೆ ದಪ್ಪಗಿರೋ ಒಂದು ನಿಕರಾಗುವಾ ರೊಬಸ್ಟೊ ಎತ್ಕೊಟ್ಟೆ. ಅರ್ಧ ಆಗೋಷ್ಟ್ರಲ್ಲಿ ಮನುಷ್ಯನ ಮುಖ ಬಿಳುಚ್ಕೊಂಡು, ಹಣೆ ಮೇಲೆ ಬೆವರು ಬಂದು, ಗ್ಲಾಸ್ ಕೆಳಗಿಟ್ಟು ಸುಮ್ನೆ ಕೂತ್ಬಿಟ್ರು.

ನಮ್ ಸೀನಿಯರ್ ದೂರದಿಂದ್ಲೇ ನೋಡಿ ಓಡ್ ಬಂದ್ರು. ಸಿಗಾರ್ ಪಕ್ಕಕ್ಕಿಟ್ರು, ಕಿಟಕಿ ಹತ್ರ ಕೂರಿಸಿದ್ರು, ಸಕ್ಕರೆ ಹಾಕಿದ ನೀರು ಕುಡಿಸಿದ್ರು. "ಊಟ ಆಯ್ತಾ ಸಾರ್?" ಅಂತ ಕೇಳಿದ್ರೆ ಮಧ್ಯಾಹ್ನದಿಂದ ಏನೂ ತಿಂದಿಲ್ವಂತೆ! ಅವ್ರು ಸುಧಾರಿಸ್ಕೊಂಡು ಹೋದ್ಮೇಲೆ ನನ್ನ ಸರದಿ ಬಂತು. "ಲೋ, ಅಂಗಿ ನೋಡಿ ಆಳು ಎಂಥವ್ನು ಅಂತ ಹೇಳ್ತೀಯೇನೋ ನೀನು?"

ಆಮೇಲೆ ಅದೇ ಸಿಗಾರ್ ಒಂದನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಟೇಬಲ್ ಮೇಲೆ ಹರಡಿದ್ರು. ಹೊರಗೆ ಹಾಳೆ ಥರ ತೆಳ್ಳಗಿರೋ ತಿಳಿ ರ್‍ಯಾಪರ್, ಅದರೊಳಗೆ ಹಿಡಿದಿಟ್ಕೊಳ್ಳೋ ಬೈಂಡರ್, ನಟ್ಟನಡುವೆ ದಪ್ಪಗೆ, ಮುಟ್ಟಿದ್ರೆ ಎಣ್ಣೆ ಥರ ಅಂಟೋ ಎಲೆ. ಅದೇ ಲಿಹೇರೊ, ಗಿಡದ ತುದಿಯ ಎಲೆ, ಬಿಸಿಲು ಜಾಸ್ತಿ ತಿಂದಿರುತ್ತೆ, ಹಾಗಾಗಿ ನಿಕೋಟಿನ್ನೂ ಜಾಸ್ತಿ, ನಿಧಾನಕ್ಕೆ ಉರಿಯುತ್ತೆ ಅಂತ ಮಧ್ಯದಲ್ಲಿ ಸೇರಿಸ್ತಾರೆ. ಕೆಳಗಿನ ಎಲೆ ವೊಲಾಡೊ, ರುಚಿ ಕಮ್ಮಿ ಆದ್ರೆ ಚೆನ್ನಾಗಿ ಹೊತ್ಕೊಳ್ಳುತ್ತೆ. ಸಿಗಾರ್ ಹೊಡೆತ ಎಷ್ಟಿರುತ್ತೆ ಅನ್ನೋದು ಬಹುಪಾಲು ಈ ಒಳಗಿನ ಮಿಶ್ರಣದ ಮೇಲಿದೆ. ಕಪ್ಪು ಎಲೆ ಸುತ್ತಿರೋ ಸಿಗಾರ್, ಮಡುರೊ, ಎಷ್ಟೋ ಸಲ ಸಾಧು ಪ್ರಾಣಿ, ಆ ಎಲೆನ ಹೆಚ್ಚು ಕಾಲ ಬಿಸಿಯಲ್ಲಿ ಹುದುಗು ಬರಿಸಿರ್ತಾರೆ, ಅದಕ್ಕೆ ಆ ಬಣ್ಣ, ಒಂಥರಾ ಚಾಕ್ಲೇಟ್, ಕಾಫಿ ಥರ ಸಿಹಿ ವಾಸ್ನೆನೂ ಅದರಿಂದ್ಲೇ.

ಡ್ರಿಂಕ್ ಜೋಡಿಸೋದು ಇದು ತಿಳಿದ ಮೇಲೇನೇ ಶುರು. ನನ್ ತಪ್ಪು ಸಿಗಾರಲ್ಲಿ ಅರ್ಧ, ಗ್ಲಾಸಲ್ಲಿ ಇನ್ನರ್ಧ. ಕಾಸ್ಕ್ ಸ್ಟ್ರೆಂತ್ ಅಂದ್ರೆ ಸುಮಾರಾಗಿ 55ರಿಂದ 60 ಪರ್ಸೆಂಟ್ ಆಲ್ಕೋಹಾಲ್, ನೀರು ಹಾಕ್ದೆ ಕುಡಿದ್ರೆ ನಾಲಿಗೆ ಜೋಮು ಹಿಡಿದಂಗಾಗುತ್ತೆ, ಆಮೇಲೆ ಯಾವ ಎಲೆ ಕೊಟ್ರೂ ಘಾಟು ಬಿಟ್ಟು ಬೇರೇನೂ ತಿಳಿಯಲ್ಲ. ಪೀಟ್ ಅನ್ನೋ ಜವುಗು ಮಣ್ಣಿನ ಹೆಂಟೆ ಸುಟ್ಟ ಹೊಗೇಲಿ ಒಣಗಿಸಿದ ಬಾರ್ಲಿಯ, ಸ್ಕಾಟ್ಲೆಂಡಿನ ಐಲಾ ದ್ವೀಪದ ಮಾಲ್ಟ್‌ಗಳಿದಾವಲ್ಲ, ಲಾಫ್ರೋಯಿಗ್, ಆರ್ಡ್‌ಬೆಗ್ ಥರದ್ದು, ಅದನ್ನ ಸಿಗಾರ್ ಜೊತೆ ಕೊಡೋರು ತುಂಬಾ ಜನ ಇದಾರೆ, ನಂಗಂತೂ ಹೊಗೆ ಮೇಲೆ ಹೊಗೆ ಹಾಕಿದಂಗೆ ಅನ್ಸುತ್ತೆ. ಅದರ ಬದಲು ಶೆರ್ರಿ ವೈನ್ ಪೀಪಾಯಲ್ಲಿ ಮಾಗಿದ ಮಾಲ್ಟು, ಅದಕ್ಕೊಂದೆರಡು ಹನಿ ನೀರು, ಪಕ್ಕದಲ್ಲಿ ಮಡುರೊ, ಒಣದ್ರಾಕ್ಷಿಯಂಥ ಆ ಸಿಹಿ ಎಲೆಯ ಕಹಿನ ಹಿಡಿದು ಮಗ್ಗುಲಿಗೆ ಕೂರಿಸುತ್ತೆ. ಟಾನಿ ಪೋರ್ಟ್ ಅನ್ನೋ ಸಿಹಿ ವೈನ್ ಆದ್ರೂ ಹಾಗೇ, ಆಲ್ಕೋಹಾಲ್ ಸುಮಾರು 20 ಪರ್ಸೆಂಟ್ ಅಷ್ಟೇ ಇರೋದ್ರಿಂದ ಸುಡಲ್ಲ. ಬಟ್ಟೆ ನೆರಳಲ್ಲಿ ಬೆಳೆಸಿದ ಕನೆಕ್ಟಿಕಟ್ ಎಲೆಯ ಮೆತ್ತಗಿನ ಸಿಗಾರ್‌ಗೆ ಇದೆಲ್ಲಾ ಭಾರ ಆಗುತ್ತೆ. ಅದಕ್ಕೆ ಶಾಂಪೇನ್ ಕೊಡ್ತೀನಿ, ಆ ಹುಳಿ ಮತ್ತೆ ಗುಳ್ಳೆ ಬಾಯಿನ ತೊಳೆದು ಮುಂದಿನ ಪಫ್‌ಗೆ ಖಾಲಿ ಮಾಡಿಡುತ್ತೆ. ಒಗರು ಜಾಸ್ತಿ ಇರೋ ರೆಡ್ ವೈನ್ ಮಾತ್ರ ನಾನಾಗಿ ಹೇಳಲ್ಲ, ಹೊಗೆನೂ ಬಾಯಿ ಒಣಗಿಸುತ್ತೆ ಒಗರೂ ಒಣಗಿಸುತ್ತೆ, ಎರಡು ಸೇರಿದ್ರೆ ನಾಲಿಗೆ ಅಂಗುಳಿಗೆ ಅಂಟ್ಕೊಂಡಂಗೆ ಆಗುತ್ತೆ. ಕುಡಿಯದೋರಿಗೆ ಕಾಫಿ, ನಿಜ ಹೇಳ್ಬೇಕು ಅಂದ್ರೆ ಮಡುರೊಗೆ ಎಸ್ಪ್ರೆಸೊ ಕೂತಷ್ಟು ಚೆನ್ನಾಗಿ ಎಷ್ಟೋ ದುಬಾರಿ ವಿಸ್ಕಿನೂ ಕೂರಲ್ಲ, ಇದನ್ನ ಬಾರ್ ಕೌಂಟರಲ್ಲಿ ಜೋರಾಗಿ ಹೇಳಂಗಿಲ್ಲ ಅಷ್ಟೇ.

ಇನ್ನೊಂದು, ಸಿಗಾರ್ ಶುರುವಿಂದ ಕೊನೆವರೆಗೂ ಒಂದೇ ರುಚಿ ಇರಲ್ಲ. ಕೊನೇ ಮೂರನೇ ಒಂದು ಭಾಗಕ್ಕೆ ಬಂದಾಗ ಹೊಗೆ ಬಿಸಿ ಆಗಿ ಖಾರ, ಕಹಿ ಏರುತ್ತೆ, ಶುರುವಲ್ಲಿ ಹಿತವಾಗಿದ್ದ ಡ್ರಿಂಕ್ ಅಲ್ಲಿ ನೀರು ನೀರು ಅನ್ಸುತ್ತೆ. ಅದಕ್ಕೆ ನಾನು ಒಂದೇ ಸಲ ದೊಡ್ಡ ಪೆಗ್ ಸುರಿಯಲ್ಲ. ಮೊದಲು ಬರೀ ಸಾದಾ ನೀರಿನ ಜೊತೆ ನಾಲ್ಕೈದು ಪಫ್, ನಿಮಿಷಕ್ಕೆ ಒಂದೇ ಸಾಕು, ಹೊಗೆ ಬಾಯಲ್ಲೇ, ಎದೆಗೆ ಇಳಿಸೋ ಹಾಗಿಲ್ಲ. ಆಮೇಲೆ ಒಂದು ಚಿಕ್ಕ ಗುಟುಕು. ಸಿಗಾರಿನ ಬಾಯಿಗಿಡೋ ತುದಿನ ಕೋನ್ಯಾಕ್ ಬ್ರಾಂದಿಯಲ್ಲಿ ಅದ್ದಿ ಸೇದೋರೂ ಬರ್ತಾರೆ, ಎಲೆ ನೆನೆದು ಬಿಚ್ಕೊಂಡು ಎಳೆಯೋಕೇ ಆಗಲ್ಲ, ಆದ್ರೆ ಗಿರಾಕಿಗೆ ಹೇಗೆ ಹೇಳೋದು, ಹೊಸ ಗ್ಲಾಸ್ ತಂದಿಟ್ಟು ಸುಮ್ನಾಗ್ತೀನಿ.

ಅವತ್ತು ಬಿಳುಚ್ಕೊಂಡಿದ್ದವರು ಎರಡು ವಾರ ಬಿಟ್ಟು ಮತ್ತೆ ಬಂದ್ರು. ನಾನು ಬಾಯಿ ತೆಗೆಯೋ ಮುಂಚೆನೇ "ಊಟ ಆಗಿದೆ ಕಣಪ್ಪ" ಅಂದ್ರು. ಸಣ್ಣ ಕನೆಕ್ಟಿಕಟ್ ಒಂದು ಕತ್ತರಿಸಿ ಕೊಟ್ಟೆ, ಪಕ್ಕದಲ್ಲಿ ಕಾಫಿ.