ಕಡ್ಲಿ ಹೊಲದ ಹುಳಿ

ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಗದಗಿನ ಕಡೆ ಹೊರಟರೆ ಅಣ್ಣಿಗೇರಿ ಸುತ್ತಮುತ್ತ ಎಲ್ಲಿ ನೋಡಿದರೂ ಕಡ್ಲಿ. ಮಳೆ ನಿಂತು ಎಷ್ಟೋ ದಿನ ಆಗಿರುತ್ತದೆ, ಎಷ್ಟೋ ಹೊಲಗಳಿಗೆ ಬೇರೆ ನೀರೂ ಇಲ್ಲ, ಆದರೂ ಬೆಳೆ ಹಸಿರಾಗಿಯೇ ಇರುತ್ತದೆ. ನೀರು ಎಲ್ಲಿಂದ ಬಂತು? ಎರಿ ಮಣ್ಣಲ್ಲೇ, ಅಂದರೆ ಇಲ್ಲಿನ ಕಪ್ಪು ಮಣ್ಣಲ್ಲೇ ಇದೆ. ಅದರಲ್ಲಿ ಜೇಡಿ ಜಾಸ್ತಿ, ಶೇಕಡಾ 30ಕ್ಕೂ ಮೇಲೆ. ಆ ಜೇಡಿಯ ಸಣ್ಣ ಸಣ್ಣ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಂಥ ಬಿರುಕು ಬೀಳೋದು ಇದಕ್ಕೇ. ಕಡ್ಲಿ ಬೇರು ಒಂದು ಮೀಟರ್‌ಗಿಂತ ಆಳಕ್ಕೂ ಇಳಿದು ಉಳಿದ ತೇವ ಕುಡಿಯುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಹುಳಿ. ಬೆಳಿಗ್ಗೆ ಬರಿಗಾಲಲ್ಲಿ ಕಡ್ಲಿ ಹೊಲದಲ್ಲಿ ಓಡಾಡಿದವರಿಗೆ ಕಾಲು ಉರಿದದ್ದು ಗೊತ್ತಿರುತ್ತದೆ, ಅಲ್ವಾ? ಗಿಡದ ಮೈಮೇಲಿನ ನವಿರಾದ ಕೂದಲು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಸ್ರವಿಸುತ್ತವೆ. ಮೋಡ, ಗಾಳಿ ಇಲ್ಲದ ರಾತ್ರಿ ಎಲೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಆಗ ಗಾಳಿಯೊಳಗಿನ ಆವಿ ಅದರ ಮೇಲೆ ಇಬ್ಬನಿಯಾಗಿ ಕೂತು ಈ ಆಮ್ಲದ ಜೊತೆ ಬೆರೆಯುತ್ತದೆ. ಹಿರಿಯರು ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಔಷಧಿಗೆ ಇಟ್ಟುಕೊಳ್ಳುತ್ತಿದ್ದರು. ಗಿಡಕ್ಕೂ ಇದರಿಂದ ಲಾಭ ಇದೆ. ಆಕ್ಸಾಲಿಕ್ ಆಮ್ಲ ಕಾಯಿಕೊರಕ ಹುಳುವಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಪೂರ್ತಿ ತಡೆಯುತ್ತದೆ ಅಂತಲ್ಲ, ಹುಳು ಬಿದ್ದ ಹೊಲ ನಾವೆಲ್ಲ ನೋಡಿದ್ದೇವೆ.

ಪಲ್ಯಕ್ಕೆ ಕುಡಿ ಚಿವುಟುತ್ತಾರಲ್ಲ, ಅದೂ ಪಾಠವೇ. ತುದಿಯ ಮೊಗ್ಗು ಆಕ್ಸಿನ್ ಎಂಬ ಹಾರ್ಮೋನು ಕಳಿಸಿ ಪಕ್ಕದ ಮೊಗ್ಗುಗಳನ್ನು ತಡೆದಿರುತ್ತದೆ. ತುದಿ ಹೋದರೆ ಪಕ್ಕದಲ್ಲಿ ಟೊಂಗೆ ಒಡೆಯುತ್ತವೆ. ಟೊಂಗೆ ಜಾಸ್ತಿ ಆದರೆ ಸುಲಗಾಯಿಯೂ, ಅಂದರೆ ಕಡ್ಲಿಯ ಹಸಿ ಕಾಯಿಯೂ ಜಾಸ್ತಿ. ಹೂವು ಬರುವ ಮೊದಲೇ ಚಿವುಟಬೇಕು ಅಂತ ಮನೆಯ ಹೆಣ್ಣುಮಕ್ಕಳು ಹೇಳೋದು ಇದಕ್ಕೇ.

ಇಷ್ಟೆಲ್ಲ ಶಾಲೆಯ ಹಿಂದಿನ ಹೊಲದಲ್ಲೇ ಇರುವಾಗ ನಮ್ಮ ಮಕ್ಕಳು ಆಮ್ಲದ ಪಾಠವನ್ನು ಬರೀ ಪುಸ್ತಕ ನೋಡಿ ಬಾಯಿಪಾಠ ಮಾಡೋದು ನನಗೆ ಸಂಕಟದ ಸಂಗತಿ. ಲಿಟ್ಮಸ್ ಕಾಗದ ಇಲ್ಲದಿದ್ದರೂ ಚಿಂತೆ ಇಲ್ಲ. ಕೆಂಪು ದಾಸವಾಳದ ಎಸಳನ್ನು ಬಿಸಿ ನೀರಲ್ಲಿ ನೆನೆಸಿ, ಆ ನೀರಿಗೆ ಬಟ್ಟೆಯಿಂದ ಹಿಂಡಿದ ಹುಳಿ ಹಾಕಿದರೆ ಬಣ್ಣ ಕೆಂಪಗಾಗುತ್ತದೆ. ಹೊಲದವರನ್ನು ಕೇಳಿಕೊಂಡು ಹೋಗಿ, ಔಷಧ ಹೊಡೆದ ಹೊಲ ಬೇಡ. ಮಳೆ ಬಿದ್ದ ಮರುದಿನವೂ ಬೇಡ, ಹುಳಿಯೆಲ್ಲ ತೊಳೆದು ಹೋಗಿರುತ್ತದೆ.